ಮೂರು ಎಂದೇ ಬರೆಸುತ್ತಿದ್ದ ತಂದೆ

ಮುಂದುವರಿದ ಕ್ಯಾನ್ಸರ್‌ನ ನೋವಿಗೆ ವೈದ್ಯರು ಮಾರ್ಫಿನ್ ಎಂಬ ಪ್ರಬಲ ನೋವುನಿವಾರಕ ಬರೆದುಕೊಟ್ಟ ಕೂಡಲೇ ಮನೆಯವರು ಬೆಚ್ಚಿಬೀಳುವುದನ್ನು ಆಪ್ತಸಲಹೆಗಾರ್ತಿಯಾಗಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕಾಗಿಯೇ ಈ ಪ್ರಕರಣವನ್ನು, ಗುರುತು ಸಿಗದಂತೆ ಬದಲಿಸಿ, ಬರೆಯುತ್ತಿದ್ದೇನೆ.

ಅರವತ್ತು ದಾಟಿದವರು; ಕ್ಯಾನ್ಸರ್ ಸೊಂಟದ ಮೂಳೆಗೆ ಹರಡಿತ್ತು. ಟ್ರಮಡಾಲ್ ಎಂಬ, ಮಾರ್ಫಿನ್‌ಗಿಂತ ಸೌಮ್ಯವಾದ ನೋವಿನ ಮಾತ್ರೆ ಅದರ ಗರಿಷ್ಠ ಪ್ರಮಾಣವಾದ ದಿನಕ್ಕೆ 400 ಮಿಲಿಗ್ರಾಂ ತಲುಪಿತ್ತು. ವೈದ್ಯರು ಮಾರ್ಫಿನ್‌ಗೆ ಬದಲಿಸೋಣ ಎಂದರೆ ಮಗಳು ಒಪ್ಪಲಿಲ್ಲ. “ದೊಡ್ಡ ಔಷಧಿಯನ್ನು ಈಗಲೇ ಕೊಟ್ಟುಬಿಟ್ಟರೆ ಕೊನೆಗೆ ಏನು ಉಳಿಯುತ್ತದೆ ಮೇಡಂ?” ಎಂದು ಕೇಳಿ, ನೋವಿನ ಪುಸ್ತಕ ತೆರೆದು ತೋರಿಸಿದರು. ಹತ್ತಕ್ಕೆ ಎಷ್ಟು ಎಂಬ ಕಾಲಮಿನಲ್ಲಿ ಪುಟದ ತುಂಬ ಮೂರು, ಮೂರು, ಮೂರು.

ಅಷ್ಟು ಹೊತ್ತೂ ತಂದೆ ಕುರ್ಚಿಯ ಕೈ ಹಿಡಿದು, ಒಂದೇ ಪಕ್ಕಕ್ಕೆ ಭಾರ ಹಾಕಿ ಕುಳಿತಿದ್ದರು. ರಾತ್ರಿ ಹೇಗೆ ಮಲಗುತ್ತೀರಿ ಎಂದು ಕೇಳಿದೆ.

“ಮಲಗುವುದಿಲ್ಲ, ಒರಗಿ ಕೂರುತ್ತೇನೆ.”

ಮಗಳು ತಲೆಯೆತ್ತಿದರು. ತಂದೆ ಮುಂದುವರಿಸಿದರು: “ಮೂರು ಎಂದರೆ ಇದೇ ಮಾತ್ರೆ ನಡೆಯುತ್ತದೆ. ಏಳು ಎಂದರೆ ಆ ಔಷಧಿ ಬರುತ್ತದೆ. ಅದು ಬಂದರೆ ನನ್ನ ಕಾಲ ಮುಗಿಯಿತೆಂದು ಇವಳು ಅಳುತ್ತಾಳೆ.”

ಒಬ್ಬರಿಗೊಬ್ಬರು ಹೆದರಿ ಇಬ್ಬರೂ ನರಳುತ್ತಿದ್ದರು. ಮೊದಲು ಮಗಳನ್ನು ಅಳಲು ಬಿಟ್ಟೆ. ಆಮೇಲೆ ಲೆಕ್ಕ ಬಿಡಿಸಿದೆ. ಪೂರ್ತಿ ಪ್ರಮಾಣದ ಟ್ರಮಡಾಲ್ ದಿನಕ್ಕೆ ಸುಮಾರು 40 ಮಿಲಿಗ್ರಾಂ ಬಾಯಿಯ ಮಾರ್ಫಿನ್‌ಗೆ ಸಮ. ಮಾರ್ಫಿನ್ ಶುರುಮಾಡುವುದು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ 5 ಮಿಲಿಗ್ರಾಂ, ಅಂದರೆ ದಿನಕ್ಕೆ 30. ಅಪ್ಪ ಆಗಲೇ ತೆಗೆದುಕೊಳ್ಳುತ್ತಿದ್ದುದು ಇವರು ಹೆದರುತ್ತಿದ್ದ ಪ್ರಮಾಣಕ್ಕಿಂತ ಕಡಿಮೆಯೇನಲ್ಲ! ಟ್ರಮಡಾಲ್ ಇನ್ನೂ ಏರಿಸಿದರೆ ಫಿಟ್ಸ್ ಬರುವ ಭಯ. ಮಾರ್ಫಿನ್‌ಗೆ ಅಂಥ ಗರಿಷ್ಠ ಮಿತಿಯಿಲ್ಲ, ನೋವು ನೋಡಿ ನಿಧಾನವಾಗಿ ಏರಿಸಬಹುದು. ಹಾಗಾಗಿ ಅದನ್ನು ಕೊನೆಗೆಂದು ಕೂಡಿಡಬೇಕಾಗಿಲ್ಲ. ಸರಿಯಾಗಿ ಹೊಂದಿಸಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದೂ ಇಲ್ಲ.

ಔಷಧಿಯ ಮಾತು ಆಪ್ತಸಲಹೆಗಾರ್ತಿಗೇಕೆ ಎನ್ನುವವರಿದ್ದಾರೆ. ಪ್ರಮಾಣ ನಿರ್ಧರಿಸುವುದು ವೈದ್ಯರೇ, ನಿಜ. ಆದರೆ ಚೀಟಿ ಬರೆದಾದ ಮೇಲೂ ಮಾತ್ರೆ ಬಾಯಿಗೆ ಹೋಗದಂತೆ ತಡೆಯುವುದು ಭಯ, ಅದನ್ನು ಬಿಡಿಸುವುದು ನನ್ನ ಕೆಲಸ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಕೊಟ್ಟ, ನೋವಿನ ಔಷಧಿಗಳ ಮೂರು ಮೆಟ್ಟಿಲುಗಳ ಏಣಿಯಲ್ಲಿ ಟ್ರಮಡಾಲ್‌ನಂಥವು ಮಧ್ಯದ ಮೆಟ್ಟಿಲು, ಮಾರ್ಫಿನ್ ಮೇಲಿನ ಮೆಟ್ಟಿಲು. ಅದು ನೋವಿನ ತೀವ್ರತೆಯ ಮೆಟ್ಟಿಲು, ಮನೆಯವರು ಅದನ್ನು ಆಯುಸ್ಸಿನ ಮೆಟ್ಟಿಲೆಂದು ತಿಳಿಯುತ್ತಾರೆ. ಮಧ್ಯಮ ನೋವಿನ 240 ಕ್ಯಾನ್ಸರ್ ರೋಗಿಗಳ ಮೇಲೆ ಇಟಲಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಪ್ರಮಾಣದ ಮಾರ್ಫಿನ್ ಪಡೆದವರಲ್ಲಿ ಶೇ. 88 ಮಂದಿಗೆ ನೋವು ಕನಿಷ್ಠ ಐದನೇ ಒಂದು ಭಾಗದಷ್ಟು ತಗ್ಗಿತು. ಟ್ರಮಡಾಲ್, ಕೊಡೀನ್‌ಗಳಂಥವನ್ನು ಪಡೆದವರಲ್ಲಿ ಶೇ. 58 ಮಂದಿಗೆ ಮಾತ್ರ. ಮಧ್ಯದ ಮೆಟ್ಟಿಲಲ್ಲೇ ವಾರಗಟ್ಟಲೆ ನರಳಿಸುವುದನ್ನು ನಾನು ಒಪ್ಪುವುದಿಲ್ಲ.

ಅವರಿಗೆ ಕೊಟ್ಟ ಸಲಹೆ: ಪುಸ್ತಕವನ್ನು ಇನ್ನು ಅಪ್ಪನೇ ಬರೆಯಲಿ, ಮಗಳು ಕೇಳದೆ. ಮಾರ್ಫಿನ್‌ನಿಂದಾಗುವ ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಕೊಡಿ, ಅದು ತಾನಾಗಿ ಹೋಗುವುದಿಲ್ಲ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಅಥವಾ ಉಸಿರು ತೀರಾ ನಿಧಾನವಾದರೆ ತಕ್ಷಣ ವೈದ್ಯರಿಗೆ ತಿಳಿಸಿ. ಮಾತ್ರೆಗಳಿಗೆ ಬೀಗ ಹಾಕಿಡಿ, ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ.

ಮರುದಿನ ಬಂದ ಪುಸ್ತಕದಲ್ಲಿ ಅವರದೇ ಅಕ್ಷರದಲ್ಲಿ ಎಂಟು ಎಂದಿತ್ತು. ಅಂದೇ ಮಾರ್ಫಿನ್ ಶುರುವಾಯಿತು.