ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್‌ನ ಕೊನೆಯ ವರ್ಷಗಳಿಗೆ ಸಂಕಲನ ಸಾಕಾ?

ಈ ಬ್ರಿಟಿಷ್ ಫೋಕ್ ಬ್ಯಾಂಡ್‌ನ 1968ರ ಆಲ್ಬಮ್ 'ದಿ ಹ್ಯಾಂಗ್‌ಮನ್ಸ್ ಬ್ಯೂಟಿಫುಲ್ ಡಾಟರ್' ನಿಮಗೆ ತುಂಬಾ ಹಿಡಿಸಿದೆ, ಮುಂದಿನದಕ್ಕೆ ಐಲ್ಯಾಂಡ್ ರೆಕಾರ್ಡ್ ಕಂಪನಿ ಕಾಲದ ಆಯ್ದ ಹಾಡುಗಳ ಸಂಕಲನ ಸಾಕಾ ಅಂತ ಕೇಳಿದ್ದೀರಿ. ಶುರು ಮಾಡಲು ಸಾಕು. ಆದರೆ ಅದೇ ಬ್ಯಾಂಡ್ ಸಿಗುತ್ತದೆ ಅಂದುಕೊಳ್ಳಬೇಡಿ.

1971ರಿಂದ 1974ರವರೆಗೆ ಐಲ್ಯಾಂಡ್‌ನಲ್ಲಿ ಐದು ಆಲ್ಬಮ್ ಬಂದವು. ಬ್ಯಾಂಡ್‌ನಿಂದ ರೋಸ್ ಸಿಂಪ್ಸನ್ ಹೋಗಿ ಮಾಲ್ಕಮ್ ಲ ಮೇಸ್ಟ್ರ್ ಬಂದರು. ಹೋಗ್ತಾ ಹೋಗ್ತಾ ರಾಕ್ ಜಾಸ್ತಿಯಾಯಿತು. 1973ರ 'ನೋ ರೂಯಿನಸ್ ಫ್ಯೂಡ್'ನಲ್ಲಂತೂ ಅಮೆರಿಕದ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಹಾಡೂ ಇದೆ! ಸಂಕಲನ ಲಾಭವಾಗುವುದು ಇಲ್ಲೇ. ಆ ಆಲ್ಬಮ್ಮನ್ನು ಪೂರ್ತಿ ಕೇಳುವ ತಾಳ್ಮೆ ನನಗಂತೂ ಇಲ್ಲ, ಒಂದೆರಡು ಹಾಡು ಸಾಕು.

ತೊಂದರೆ ಉದ್ದದ ಹಾಡುಗಳದ್ದು. ಬ್ಯಾಂಡ್‌ನ ಮೈಕ್ ಹೆರನ್ ಬರೆದ 'ಇತ್‌ಕಾಸ್' ಹತ್ತಿರ ಹತ್ತಿರ 20 ನಿಮಿಷ, ಎಲ್‌ಪಿಯ ಒಂದು ಬದಿ ಪೂರ್ತಿ ಅದೇ. ಅಂಥದ್ದನ್ನು ಸಂಕಲನದಲ್ಲಿ ಸೇರಿಸುವುದು ಕಷ್ಟ ಅಲ್ವಾ? ಬ್ಯಾಂಡ್‌ನ ಇನ್ನೊಬ್ಬ ಗೀತಕಾರ ರಾಬಿನ್ ವಿಲಿಯಮ್ಸನ್‌ರ 'ಡಾರ್ಲಿಂಗ್ ಬೆಲ್' ಕೂಡ ಉದ್ದವೇ. ಮೊದಲ ಮಹಾಯುದ್ಧದ ನೆರಳಲ್ಲಿ ಸಾಗುವ ಕಥೆ, ಪುಟ್ಟ ನಾಟಕದ ಹಾಗೆ ಹಲವು ದನಿಗಳಲ್ಲಿ ಬರುತ್ತದೆ. ನಿಮಗೆ 'ಹ್ಯಾಂಗ್‌ಮನ್ಸ್'ನಲ್ಲಿರುವ ಉದ್ದದ ಹಾಡು 'ಎ ವೆರಿ ಸೆಲ್ಯುಲರ್ ಸಾಂಗ್' ಇಷ್ಟವಾಗಿದ್ದರೆ ಇದನ್ನು ಬಿಡಲೇಬೇಡಿ. ಸಂಕಲನದ ಹಾಡುಗಳ ಪಟ್ಟಿ ನೋಡಿ. 'ಡಾರ್ಲಿಂಗ್ ಬೆಲ್' ಇಲ್ಲದಿದ್ದರೆ ಸಂಕಲನದ ಬದಲು ಆ ಹಾಡಿರುವ 1971ರ 'ಲಿಕ್ವಿಡ್ ಆಕ್ರೊಬ್ಯಾಟ್ ಆ್ಯಸ್ ರಿಗಾರ್ಡ್ಸ್ ದಿ ಏರ್' ಆಲ್ಬಮ್ಮನ್ನೇ ತೆಗೆದುಕೊಳ್ಳಿ.