ಹಳೆಯ ಆಟದ ಸಣ್ಣ ಅಕ್ಷರಗಳನ್ನು ದೊಡ್ಡದಾಗಿಸುವ ಬಗ್ಗೆ

ನಮಸ್ಕಾರ. ತೀರ್ಥಹಳ್ಳಿಯ ಮನೆಗೆ ಹೊಸದಾಗಿ ತಂದ 4ಕೆ ಮಾನಿಟರ್‌ನಲ್ಲಿ 1999ರ ‘ಏಜ್ ಆಫ್ ಎಂಪೈರ್ಸ್ 2’ ಆಡುವಾಗ, ಮೇಲ್ಪಟ್ಟಿಯಲ್ಲಿರುವ ಮರ, ಆಹಾರ, ಚಿನ್ನ, ಕಲ್ಲುಗಳ ಅಂಕಿಗಳು ನಿಮ್ಮ ತಂದೆಯವರಿಗೆ ಕಾಣುತ್ತಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ.

ಆ ಕಾಲದ ಆಟಗಳಲ್ಲಿ ಅಕ್ಷರದ ಎತ್ತರ ಪಿಕ್ಸೆಲ್ (ಪರದೆಯ ಚುಕ್ಕಿ) ಲೆಕ್ಕದಲ್ಲಿ ನಿಗದಿಯಾಗಿರುವುದರಿಂದ, ನೀವು ವೈಡ್‌ಸ್ಕ್ರೀನ್ ಪ್ಯಾಚ್ (ಹಳೆಯ ಆಟವನ್ನು ಅಗಲ ಪರದೆಗೆ ಹೊಂದಿಸುವ ತಿದ್ದುಪಡಿ) ಹಾಕಿ 4ಕೆ ಪರದೆಯ ಪೂರ್ಣ ಅಳತೆಯಾದ 3840×2160 ಪಿಕ್ಸೆಲ್ ಆಯ್ದುಕೊಂಡಾಗ ನಕ್ಷೆ ವಿಶಾಲವಾಗಿ ಕಾಣುತ್ತದೆಯೇ ಹೊರತು ಅಕ್ಷರ ಬೆಳೆಯುವುದಿಲ್ಲ. ಆದ್ದರಿಂದ ಆಟದೊಳಗೆ 1920×1080 ಇಟ್ಟು, ಗ್ರಾಫಿಕ್ಸ್ ಕಾರ್ಡ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಇಂಟಿಜರ್ ಸ್ಕೇಲಿಂಗ್’ ಆನ್ ಮಾಡಿ. ಒಂದೊಂದು ಪಿಕ್ಸೆಲ್ ನಾಲ್ಕಾಗಿ, ಅಂಚು ಮಸುಕಾಗದೆ, ಅಂಕಿಯ ಎತ್ತರ ಎರಡು ಪಟ್ಟಾಗುತ್ತದೆ. ಅದೂ ಸಾಲದಿದ್ದರೆ 1280×720 ಇಡಿ, ಮೂರು ಪಟ್ಟಾಗುತ್ತದೆ. ಆಗ ನಕ್ಷೆ ಕಡಿಮೆ ಕಾಣುವುದು ನಿಜ, ಆದರೆ ಹಿರಿಯರ ಕಣ್ಣಿನ ದೃಷ್ಟಿಯಿಂದ ಆ ನಷ್ಟ ಒಪ್ಪಬಹುದಾದದ್ದೇ ಎಂಬುದು ನನ್ನ ಅಭಿಪ್ರಾಯ. ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಈ ಆಯ್ಕೆ 2018ರಲ್ಲಿ ಬಂದ ಟ್ಯೂರಿಂಗ್ ಪೀಳಿಗೆ ಮತ್ತು ಅದರ ನಂತರದ ಕಾರ್ಡ್‌ಗಳಿಗೆ ಮಾತ್ರ ಇದೆ. ಹಳೆಯ ಕಾರ್ಡಿದ್ದರೆ ಆಟವನ್ನು ವಿಂಡೋದಲ್ಲಿ ತೆರೆದು ‘ಲಾಸ್‌ಲೆಸ್ ಸ್ಕೇಲಿಂಗ್’ ಎಂಬ ತಂತ್ರಾಂಶದಿಂದ ಅದೇ ಕೆಲಸ ಮಾಡಿಸಬಹುದು.

ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕೋಣೆಗಳು ಹಗಲಲ್ಲೂ ಕತ್ತಲಾಗಿರುತ್ತವೆ. ಮಬ್ಬಿನಲ್ಲಿ ಕಣ್ಣಿನ ಪಾಪೆ ಹಿಗ್ಗಿ ಸಣ್ಣ ಅಕ್ಷರ ಇನ್ನಷ್ಟು ಮಸುಕಾಗುವುದರಿಂದ, ತಂದೆಯವರು ಆಡುವಾಗ ಮಾನಿಟರ್‌ನ ಹಿಂದೆ ಒಂದು ದೀಪ ಹಾಕಿಡಿ.