ಓದುಗರ ಪ್ರಶ್ನೆ: ಮೊದಲ ದುಡ್ಡು ನೀರಿಗೆ ಹಾಕಿ

ಪ್ರಶ್ನೆ: ಮಗಳ ಹಟಕ್ಕೆ ಮಣಿದು ಸಮುದ್ರದ ನೀರಿನ ಅಕ್ವೇರಿಯಂ ಮಾಡಲು ಹೊರಟಿದ್ದೇನೆ. ಒಂದು ಜೋಡಿ ಕ್ಲೌನ್ ಮೀನು, ನಾಲ್ಕಾರು ಮೆತ್ತನೆಯ ಹವಳ ಇದ್ದರೆ ಸಾಕು. ಗಪ್ಪಿ, ಗೋಲ್ಡ್‌ಫಿಶ್ ಸಾಕಿ ಅಭ್ಯಾಸವಿದೆ. ಜಾಗ ಕಡಿಮೆಯಾದ್ದರಿಂದ ಒಂದಡಿ ಉದ್ದ, ಅಗಲ, ಎತ್ತರದ ತೊಟ್ಟಿ ಸಾಕೆಂದುಕೊಂಡಿದ್ದೇನೆ. ಅಂಗಡಿಯವರು ಬರೆದುಕೊಟ್ಟ ಪಟ್ಟಿ ಹೀಗಿದೆ: ದುಬಾರಿ ಎಲ್‌ಇಡಿ ಲೈಟು, ಪ್ರೋಟೀನ್ ಸ್ಕಿಮ್ಮರ್, ಯುವಿ, ಡೋಸಿಂಗ್ ಪಂಪ್, ಚಿಲ್ಲರ್, ವೇವ್‌ಮೇಕರ್, ಹೀಟರ್, ಉಪ್ಪು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 900. ಯಾವುದು ಬೇಕೇ ಬೇಕು, ಯಾವುದನ್ನು ಬಿಡಬಹುದು?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಮೊಟ್ಟಮೊದಲು ಬೇಕಾದದ್ದೇ ಆ ಪಟ್ಟಿಯಲ್ಲಿಲ್ಲ. ಅದು ನೀರು. 900 ಟಿಡಿಎಸ್ (ಕರಗಿದ ಲವಣಗಳ ಲೆಕ್ಕ) ನೀರಿಗೆ ಎಷ್ಟೇ ಒಳ್ಳೆಯ ಉಪ್ಪು ಕಲಸಿದರೂ ಏನೇನು ಕಲಸಿದಿರಿ ಎಂದು ನಿಮಗೇ ಗೊತ್ತಾಗುವುದಿಲ್ಲ. ನಿಮ್ಮ ಅಡುಗೆಮನೆಯಲ್ಲಿ ಆರ್‌ಒ ಇದ್ದೇ ಇರುತ್ತದೆ. ಆದರೆ ಅದರ ನಲ್ಲಿಯಿಂದ ಬರುವ ನೀರು ನಮಗೆ ಕುಡಿಯಲು ರುಚಿಯಾಗಲಿ ಎಂದು ಕೊನೆಯಲ್ಲಿ ಮಿನರಲ್ ಸೇರಿಸಿಯೋ, ಸ್ವಲ್ಪ ಹಸಿ ನೀರು ಬೆರೆಸಿಯೋ ಕೊಟ್ಟದ್ದು. ಮೆಂಬ್ರೇನ್ ಆದ ಕೂಡಲೇ ಒಂದು ಪೈಪು ಕವಲು ತೆಗೆಸಿ, ಅದಕ್ಕೆ ಅಳಿದುಳಿದ ಲವಣವನ್ನೂ ಹೀರುವ ಡಿಐ ರೆಸಿನ್ ತುಂಬಿದ ಕಾರ್ಟ್ರಿಜ್ ಹಾಕಿಸಿ. ಟಿಡಿಎಸ್ ಮೀಟರು 0 ತೋರಿಸಬೇಕು. ನಿಮ್ಮ ಊರಿನ ನೀರಿಗೆ ರೆಸಿನ್ ಬೇಗ ಸೋಲುತ್ತದೆ. ಮೀಟರು 3, 4 ಎನ್ನತೊಡಗಿದರೆ ರೆಸಿನ್ ಬದಲಿಸಿ. ನೆಂಟರ್ಯಾರೂ ಈ ಕಾರ್ಟ್ರಿಜ್ ನೋಡಿ ಹೊಗಳುವುದಿಲ್ಲ. ನನ್ನ ಮನೆಯವಳು ಮಾತ್ರ ಆರ್‌ಒ ಬಿಡುವ ವ್ಯರ್ಥ ನೀರಿನಲ್ಲಿ ನೆಲ ಒರೆಸಿ, ಇಷ್ಟಾದರೂ ಲಾಭವಾಯಿತಲ್ಲ ಎನ್ನುತ್ತಾಳೆ.

ಎರಡನೆಯದು ನೀರಿನ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್. ನಾನು ಶುರುಮಾಡಿದಾಗ ಮುಳ್ಳು ತೂಗಾಡುವ ಅಗ್ಗದ ಪ್ಲಾಸ್ಟಿಕ್ ಹೈಡ್ರೋಮೀಟರ್ ತಂದಿದ್ದೆ. ಮುಳ್ಳಿಗೆ ಗಾಳಿಗುಳ್ಳೆ ಅಂಟಿದರೆ ಅದು ಮೇಲಕ್ಕೇಳುತ್ತದೆ, ಇಲ್ಲದ ಉಪ್ಪನ್ನು ತೋರಿಸುತ್ತದೆ. ನಾನು 1.025 ಸಾಂದ್ರತೆಯದು ಎಂದು ನೆಮ್ಮದಿಯಾಗಿದ್ದ ನೀರು ನಿಜಕ್ಕೂ 1.020 ಇತ್ತು. ಹವಳದ ಜಾತಿಗೆ ಹತ್ತಿರದ, ಹೂವಿನಂತೆ ಅರಳುವ ಜೋಆಂಥಿಡ್‌ಗಳು ತಿಂಗಳುಗಟ್ಟಲೆ ಬಾಯಿ ಮುಚ್ಚಿ ಕೂತಿದ್ದವು. ನಾನು ಲೈಟನ್ನು ಬೈಯುತ್ತಿದ್ದೆ. ರಿಫ್ರ್ಯಾಕ್ಟೋಮೀಟರನ್ನೂ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆಗೆ ಕೂರಿಸಿ ಬಿಡಬೇಡಿ. 35 ಪಿಪಿಟಿಯ (ಸಾವಿರಕ್ಕೆ 35 ಪಾಲು ಉಪ್ಪಿನ) ಅಳತೆ ದ್ರಾವಣದ ಪುಟ್ಟ ಬಾಟಲಿ ಸಿಗುತ್ತದೆ, ಅದರಲ್ಲಿ ಸರಿಮಾಡಿಕೊಳ್ಳಿ. ನಮಗೆ ಬೇಕಾದ ಉಪ್ಪಿನ ಮಟ್ಟವೂ ಅದೇ.

ತೊಟ್ಟಿಗೆ ಬರೋಣ. ಒಂದಡಿಯದು ಬೇಡ. ಅದರಲ್ಲಿ ಹಿಡಿಯುವುದೇ 28 ಲೀಟರು, ಕಲ್ಲು ಮರಳು ಹಾಕಿದ ಮೇಲೆ ಇಪ್ಪತ್ತೂ ಉಳಿದರೆ ಹೆಚ್ಚು. ಒಂದು ಬಸವನಹುಳು ಕಲ್ಲಿನ ಹಿಂದೆ ಸತ್ತರೆ, ಅಥವಾ ಮಗಳು ಪ್ರೀತಿಯಿಂದ ಒಂದು ಹಿಡಿ ಮೇವು ಹೆಚ್ಚಿಗೆ ಉದುರಿಸಿದರೆ, ಅಷ್ಟು ನೀರಿನಲ್ಲಿ ಏಳುವ ಅಮೋನಿಯಾ ಮೀನನ್ನು ಬಿಡುವುದಿಲ್ಲ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಮಾಡಿಸಿ. ನಿಜವಾದ ನೀರು 100 ಲೀಟರಿನಷ್ಟು ನಿಲ್ಲುತ್ತದೆ. ಅದೇ ಬಸವನಹುಳುವಿನ ಪೆಟ್ಟು ಐದರಲ್ಲೊಂದು ಪಾಲಾಗುತ್ತದೆ. ತೂಕ ನೆನಪಿರಲಿ: ನೀರೇ ನೂರು ಕೆಜಿ ದಾಟುತ್ತದೆ, ಮೇಲೆ ಕಲ್ಲು, ಮರಳು, ಗಾಜು. ಟಿವಿ ಸ್ಟ್ಯಾಂಡಿನ ಮೇಲೆ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ.

ಈಗ ನೀರು ತಂಪು ಮಾಡುವ ಚಿಲ್ಲರ್. ನೀರು 25–26 ಡಿಗ್ರಿಯಲ್ಲಿದ್ದರೆ ಚೆನ್ನ, 28 ಆದರೂ ತಡೆದುಕೊಳ್ಳುತ್ತವೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಊರಾದರೆ ಮೊದಲು ಫ್ಯಾನ್ ಹಾಕಿ ನೋಡಿ ಎಂಬುದು ನನ್ನ ಲೆಕ್ಕ. ಎರಡರ ಕೆಲಸವೂ ಒಂದೇ, ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ. ಮೈಸೂರಿನ ನನ್ನ ಮನೆಯಲ್ಲಿ ಏಪ್ರಿಲ್‌ನಲ್ಲಿ 30 ಮುಟ್ಟಿದ್ದ ತೊಟ್ಟಿ ಎರಡು ಪುಟ್ಟ ಫ್ಯಾನ್‌ಗಳಿಗೆ 27ಕ್ಕೆ ಇಳಿಯಿತು. ದಾವಣಗೆರೆಯ ಬಿಸಿಲು ಒಣ ಬಿಸಿಲು, ಅಲ್ಲಿಯೂ ಕೆಲಸ ಮಾಡಬೇಕು. ಮಂಗಳೂರಿನವರು ಕೇಳಿದ್ದರೆ ಬೇರೆ ಉತ್ತರ ಹೇಳುತ್ತಿದ್ದೆ. ಗಾಳಿಯಲ್ಲೇ ನೀರು ತುಂಬಿರುವ ಕಡೆ ಆವಿಯಾಗುವುದಾದರೂ ಎಲ್ಲಿಗೆ? ಒಂದು ಬೇಸಿಗೆ ನೋಡಿ, ಮಧ್ಯಾಹ್ನದ ಹೊತ್ತು ದಿನವೂ 29 ದಾಟುತ್ತಿದ್ದರೆ ಆಗ ಚಿಲ್ಲರ್ ತನ್ನಿ. ತಂದರೂ ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಮುಚ್ಚಿಡಬೇಡಿ, ಅದು ತೆಗೆದ ಶಾಖವನ್ನು ಅಲ್ಲೇ ಉಗುಳುತ್ತದೆ.

ಫ್ಯಾನ್ ಹಾಕಿದರೆ ನೀರು ದಿನವೂ ಇಳಿಯುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಉಪ್ಪಿಲ್ಲದ ಶುದ್ಧ ನೀರು. ಗಾಜಿಗೆ ಟೇಪು ಅಂಟಿಸಿ ಗುರುತು ಮಾಡಿ, ಬೆಳಗ್ಗೆ ಹಲ್ಲುಜ್ಜುವ ಮುಂಚೆ ಒಂದು ಚೆಂಬು ಹಾಕುವ ರೂಢಿ ಮಾಡಿಕೊಳ್ಳಿ. ಇದನ್ನು ತಾನೇ ಮಾಡುವ ಸೆನ್ಸರ್ ಪಂಪು ಸಿಗುತ್ತದೆ. ರೋಗಾಣು ಕೊಲ್ಲುವ ಯುವಿ, ಕ್ಯಾಲ್ಸಿಯಂನಂಥದ್ದನ್ನು ಹನಿಸುವ ಡೋಸಿಂಗ್ ಪಂಪ್ ಎರಡನ್ನೂ ಹೊಡೆದುಹಾಕಿ ಉಳಿಯುವ ದುಡ್ಡಿನಲ್ಲಿ ಇದನ್ನು ಕೊಳ್ಳಿ. ಮೆತ್ತನೆಯ ಹವಳಗಳು ಕ್ಯಾಲ್ಸಿಯಂ ತಿನ್ನುವುದು ಅಷ್ಟಕ್ಕಷ್ಟೇ. ವಾರಕ್ಕೆ ಹತ್ತು ಲೀಟರು ನೀರು ಬದಲಿಸಿದರೆ ಅದರಲ್ಲೇ ಬಂದುಬಿಡುತ್ತದೆ. ಎರಡೇ ಮೀನಿಗೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಕೂಡ ಮೊದಲ ವರ್ಷ ಬೇಡ. ಹಿಂದೆ ತೂಗುಹಾಕುವ ಸಾದಾ ಫಿಲ್ಟರಿನಲ್ಲಿ ಹತ್ತಿಯನ್ನು ವಾರಕ್ಕೆರಡು ಸಲ ಬದಲಿಸುತ್ತಿರಿ.

ನೀರನ್ನು ತಳ್ಳಿ ಓಡಾಡಿಸುವ ವೇವ್‌ಮೇಕರ್ ಬೇಕೇ ಬೇಕು. ಗಂಟೆಗೆ 2000 ಲೀಟರು ತಳ್ಳುವ ಒಂದಕ್ಕಿಂತ, ಸಾವಿರ ಲೀಟರಿನವು ಎರಡನ್ನು ಎದುರುಬದುರು ಇಟ್ಟರೆ ಲೇಸು. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ಹೀಟರ್ 100 ವಾಟಿನದು ಸಾಕು, ಡಿಸೆಂಬರ್ ರಾತ್ರಿಗಳಿಗೆ. ಲೈಟು ನೀಲಿ ಬೆಳಕು ಹೆಚ್ಚಿರುವ ಮಧ್ಯಮ ದರ್ಜೆಯದಿರಲಿ, ದಿನಕ್ಕೆ ಎಂಟು ಗಂಟೆ. ದುಬಾರಿ ಲೈಟನ್ನು ಹೊಸ ತೊಟ್ಟಿಗೆ ಹಾಕಿದರೆ ಮೊದಲು ಬೆಳೆಯುವುದು ಪಾಚಿ.

ಅಂಗಡಿಯವರು ಮರೆತ ಇನ್ನೆರಡು. ಒಂದು, ಬ್ಯಾಟರಿಯ ಏರ್ ಪಂಪು. ಹಿಂದೊಮ್ಮೆ ಮೇ ತಿಂಗಳಲ್ಲಿ ನಂಜನಗೂಡಿಗೆ ಮದುವೆಗೆ ಹೋಗಿದ್ದಾಗ ಮನೆಯಲ್ಲಿ ಆರು ಗಂಟೆ ಕರೆಂಟಿರಲಿಲ್ಲ. ಇನ್ವರ್ಟರ್ ಇದೆಯಲ್ಲ ಎಂಬ ಧೈರ್ಯ ನನಗೆ. ಅದು ಸ್ಕ್ವೇರ್ ವೇವ್ ಇನ್ವರ್ಟರ್. ಪಂಪು ಗುಂಯ್‌ಗುಟ್ಟಿ ಕಾದು ನಿಂತುಹೋಗಿತ್ತು. ಬಂದು ನೋಡಿದರೆ ಗಂಡು ಕ್ಲೌನ್ ಮಗ್ಗುಲಾಗಿತ್ತು, ಹೆಣ್ಣು ನೀರಿನ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿತ್ತು. ಬಿಸಿ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಆಗಿರಲಿ. ಎರಡು, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಇಎಲ್‌ಸಿಬಿ, ಸರಿಯಾದ ಅರ್ಥಿಂಗ್. ಉಪ್ಪು ವೈರಿನ ಮೇಲೆ ಬೆಳ್ಳಗೆ ತೆವಳಿಕೊಂಡು ಪ್ಲಗ್ಗಿನವರೆಗೂ ಬರುತ್ತದೆ. ವೈರು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಿ ಪ್ಲಗ್ಗಿಗೆ ಹೋಗುವಂತೆ ಕಟ್ಟಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಇಷ್ಟೂ ಜೋಡಿಸಿದ ಮೇಲೆ ಮಗಳಿಗೆ ಕಷ್ಟದ ಕಾಲ. ಹತ್ತು ಕೆಜಿ ಒಣ ರೀಫ್ ಕಲ್ಲು ಜೋಡಿಸಿ, ಒಂದು ಹಸಿ ಸಿಗಡಿ ಹಾಕಿ ಕೊಳೆಯಲು ಬಿಡಿ. ಲೈಟು ಹಾಕಬೇಡಿ. ಅಮೋನಿಯಾ ಏರಿ, ಅದನ್ನು ನೈಟ್ರೈಟ್ ಆಗಿ, ಮತ್ತೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ನೆಲೆಯಾಗಲು ಐದಾರು ವಾರ ಹಿಡಿಯುತ್ತದೆ. ಮೊದಲೆರಡೂ ಟೆಸ್ಟ್ ಕಿಟ್‌ನಲ್ಲಿ ಸೊನ್ನೆಗೆ ಬಂದ ಮೇಲೆ ಕ್ಲೌನ್ ಜೋಡಿ. ಅದಾಗಿ ಒಂದು ತಿಂಗಳಿಗೆ ಹವಳ. ಅಲ್ಲಿಯವರೆಗೆ ಟೆಸ್ಟ್ ಕಿಟ್‌ನ ಹನಿ ಎಣಿಸುವ, ಬಣ್ಣ ಹೊಂದಿಸಿ ಪುಸ್ತಕದಲ್ಲಿ ಬರೆಯುವ ಕೆಲಸ ಅವಳಿಗೇ ವಹಿಸಿ.

ಪ್ರಶ್ನೆ: ಲಕ್ಷದ್ವೀಪಕ್ಕೆ ಹೋಗುತ್ತಿದ್ದೇವೆ. ದಡದಲ್ಲಿ ಬಿದ್ದಿರುವ ಹವಳದ ತುಂಡುಗಳನ್ನು ತೊಟ್ಟಿಯ ಅಲಂಕಾರಕ್ಕೆ ತರಬಹುದೇ?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ತರಬೇಡಿ, ಸತ್ತದ್ದೂ ಬೇಡ. ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ. ಹುಲಿ ಇರುವುದೂ ಅದರಲ್ಲೇ. ಅಂಗಡಿಯಲ್ಲಿ ಯಾರಾದರೂ ಸಮುದ್ರಕುದುರೆ ತೋರಿಸಿದರೆ ಅದಕ್ಕೂ ಅದೇ ಕಾಯ್ದೆಯ ರಕ್ಷಣೆಯಿದೆ. ಕೊಳ್ಳುವಾಗ ಬಿಲ್ಲು ಕೇಳಿ, ಎಲ್ಲಿಂದ ಬಂತೆಂದು ಕೇಳಿ. ಕ್ಲೌನ್ ಮೀನಿನ ಮಟ್ಟಿಗೆ ತೊಟ್ಟಿಯಲ್ಲೇ ಹುಟ್ಟಿದ್ದನ್ನು ಆರಿಸಿ. ಅವುಗಳ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮಲ್ಲೇ ರೂಪಿಸಿದೆ. ಅಂಥ ಮೀನು ಒಣ ಮೇವನ್ನೂ ಸಲೀಸಾಗಿ ತಿನ್ನುತ್ತದೆ.

ಪ್ರಶ್ನೆ: ಮಲ್ಪೆ ಕಡಲು ನಮ್ಮ ಮನೆಗೆ ಎರಡು ಕಿಲೋಮೀಟರು. ಉಪ್ಪು ಯಾಕೆ ಕೊಳ್ಳಬೇಕು? ಬೋಟಿನವರ ಪರಿಚಯವೂ ಇದೆ.
– ಉಡುಪಿ

ಉತ್ತರ: ಬೋಟಿನವರ ಪರಿಚಯ ಇರುವುದರಿಂದಲೇ ಹೂಂ ಎನ್ನುತ್ತೇನೆ. ದಡದಿಂದ ತುಂಬಬೇಡಿ, ಬಂದರಿನ ಡೀಸೆಲ್ಲು, ಮೀನು ತೊಳೆದ ನೀರು, ಹೊಳೆ ಬಂದು ಸೇರುವ ಸಿಹಿನೀರು ಎಲ್ಲವೂ ಅಲ್ಲಿರುತ್ತದೆ. ದೂರ ಹೋದಾಗ ಕ್ಯಾನಿನಲ್ಲಿ ತುಂಬಿ ತರಲು ಹೇಳಿ, ಪ್ರತಿ ಸಲವೂ ಉಪ್ಪಿನ ಮಟ್ಟ ಅಳೆಯಿರಿ. ಮಳೆ ಹಿಡಿದ ಮೇಲೆ 35 ಇರಬೇಕಾದದ್ದು ಎಷ್ಟೋ ಕೆಳಗಿರಬಹುದು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಬೋಟುಗಳು ಹೇಗೂ ಕಡಲಿಗಿಳಿಯುವುದಿಲ್ಲ. ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ ಆ ಎರಡು ತಿಂಗಳಿಗಾಗುವಷ್ಟು ಅಕ್ವೇರಿಯಂ ಉಪ್ಪನ್ನು ಮೇ ಕೊನೆಯೊಳಗೆ ತಂದು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ನಿಮ್ಮೂರಿನ ಮಳೆಗಾಲದಲ್ಲಿ ತೆರೆದ ಚೀಲ ವಾರದೊಳಗೆ ಕಲ್ಲಾಗುತ್ತದೆ.